ಪೆನ್ಸಿಲ್ ಹಿಡಿದು ಬಳ್ಳಾರಿಗೆ

ಹಂಪಿ ಎಕ್ಸ್‌ಪ್ರೆಸ್ ಬೆಳಗಿನ ಜಾವ ಬಳ್ಳಾರಿಯಲ್ಲಿ ಇಳಿಸಿತು. ಆ ಊರು ತಂಪಾಗಿರುವುದು ಅಷ್ಟು ಹೊತ್ತು ಮಾತ್ರ. ನನ್ನ ಹೆಗಲಿಗಿದ್ದ ಉದ್ದನೆಯ ಪ್ಲಾಸ್ಟಿಕ್ ಕೊಳವೆಯನ್ನು ಕಂಡು ನಿಲ್ದಾಣದ ಪೊಲೀಸರೊಬ್ಬರು ಬಿಚ್ಚಿಸಿದರು. ಒಳಗಿದ್ದದ್ದು ಉಗಿ ಎಂಜಿನ್ನಿನ ಚಕ್ರ, ರಾಡುಗಳ ಪೆನ್ಸಿಲ್ ಚಿತ್ರಗಳು. "ಈಗ ಇವು ಎಲ್ಲಿ ಓಡುತ್ತವೆ?" ಎಂದು ಕೇಳಿದರು. ನಮ್ಮ ಕಡೆ ಎಲ್ಲೂ ಓಡುವುದಿಲ್ಲ ಎನ್ನುವುದೇ ನನ್ನ ತೊಂದರೆಯಾಗಿತ್ತು.

ಮೈಸೂರಿನಲ್ಲಿ 1979ರಿಂದ ರೈಲು ವಸ್ತುಸಂಗ್ರಹಾಲಯವಿದೆ. ಅಲ್ಲಿನ ಎಂಜಿನ್ನುಗಳ ಮುಂದೆ ಕುಳಿತು ಸಿಲಿಂಡರು, ಪಿಸ್ಟನ್ನಿನ ರಾಡಿನ ತುದಿಗಿದ್ದು ಹಿಂದೆಮುಂದೆ ಜಾರುವ ಕ್ರಾಸ್‌ಹೆಡ್ಡು, ಅದನ್ನು ಚಕ್ರಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡುಗಳನ್ನು ಬರೆದಿದ್ದೆ. ಆದರೆ ನಿಂತ ಎಂಜಿನ್ನಿಗೆ ಇರುವುದು ಒಂದೇ ಭಂಗಿ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಯಾವ ರಾಡು ಎಲ್ಲೆಲ್ಲಿ ಹಾದುಹೋಗುತ್ತದೆ ಎಂದು ತೋರಿಸುವ ಎಂಟು ಹಾಳೆಗಳ ಸರಣಿ ನನಗೆ ಬೇಕಿತ್ತು. ಹಳೆಯ ಕೈಪಿಡಿಗಳಲ್ಲಿ ನಕ್ಷೆಗಳಿವೆ, ನಿಜ. ಎಣ್ಣೆ ಎಲ್ಲಿ ಹೊಳೆಯುತ್ತಿತ್ತು, ಮಸಿ ಎಲ್ಲಿ ಹಿಡಿಯುತ್ತಿತ್ತು ಎನ್ನುವುದು ನಕ್ಷೆಗೆ ಬೇಡದ ಸಂಗತಿ. ಪೆನ್ಸಿಲ್ಲಿಗೆ ಅದೇ ಮುಖ್ಯ. ಗುಂತಕಲ್ಲಿನಿಂದ ಹುಬ್ಬಳ್ಳಿಯವರೆಗಿನ ಹಾದಿ ಮೀಟರ್‌ಗೇಜ್ ಆಗಿದ್ದ ಕಾಲದಲ್ಲಿ ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದ ಹಿರಿಯರೊಬ್ಬರು ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದಾರೆಂದು ಗೆಳೆಯ ಹೇಳಿದ್ದ. ಬಂದದ್ದು ಅದಕ್ಕೇ.

ಒಗ್ಗರಣೆ, ಮಿರ್ಚಿ ತಿಂದು ಹೊರಟೆ. ಜೀನ್ಸ್ ಹೊಲಿಯುವ ಯಂತ್ರಗಳ ಸದ್ದಿನ ಓಣಿ ದಾಟಿದರೆ ಯಜಮಾನರ ಮನೆ. ಎಂಬತ್ತು ದಾಟಿದ ಜೀವ. ಮಾತಿನ ನಡುವೆ ತೆಲುಗು ತಾನಾಗಿ ಬಂದುಹೋಗುತ್ತಿತ್ತು. ಚಿತ್ರಗಳನ್ನು ಮಂಚದ ಮೇಲೆ ಹರಡಿಸಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು.

"ಎಡಗಡೆಯ ಕ್ರ್ಯಾಂಕು ಎಲ್ಲಿದೆ ತಮ್ಮಾ?"

ಕ್ರ್ಯಾಂಕು ಅಂದರೆ ರಾಡಿನ ನೂಕಿಗೆ ಚಕ್ರವನ್ನು ತಿರುಗಿಸುವ ತೋಳು. ಎಡಬದಿ ಚಿತ್ರದಲ್ಲಿ ಕಾಣುವುದಿಲ್ಲವಲ್ಲ ಯಜಮಾನರೇ, ಎಂದೆ. ಅವರು ಎದ್ದು ಅಂಗಳದಲ್ಲಿದ್ದ ಮೊಮ್ಮಗನ ಸೈಕಲ್ಲನ್ನು ತೋರಿಸಿದರು. ಸೈಕಲ್ಲಿನ ಪೆಡಲುಗಳು ಎದುರುಬದುರು ಇರುತ್ತವೆ. ಒಂದು ನೆತ್ತಿಗೇರಿದಾಗ ಇನ್ನೊಂದು ತಳದಲ್ಲಿ. ಆ ಕ್ಷಣ ಎಷ್ಟು ತುಳಿದರೂ ಚಕ್ರ ತಿರುಗದು. ಎಂಜಿನ್ನು ಹಾಗೆ ಸಿಕ್ಕಿಕೊಂಡರೆ ಹಿಂದಿನ ಇಡೀ ಗೂಡ್ಸು ನಿಲ್ದಾಣದಲ್ಲೇ ಉಳಿಯುತ್ತದೆ. ಅದಕ್ಕಾಗಿ ಎರಡೂ ಬದಿಯ ಕ್ರ್ಯಾಂಕುಗಳನ್ನು 90 ಡಿಗ್ರಿ ಅಂತರದಲ್ಲಿ ಕೂರಿಸುತ್ತಾರೆ. ಒಂದು ಪಿಸ್ಟನ್ ತುದಿಯಲ್ಲಿ ಬಲ ಕಳೆದುಕೊಂಡಾಗ ಇನ್ನೊಂದು ನಡುದಾರಿಯಲ್ಲಿ ಜೋರಾಗಿ ನೂಕುತ್ತಿರುತ್ತದೆ. ಪಿಸ್ಟನ್ನಿನ ಎರಡೂ ಕಡೆಗೆ ಸರದಿಯಂತೆ ಉಗಿ ಹೋಗುವುದರಿಂದ ಎರಡು ಸಿಲಿಂಡರಿನ ಎಂಜಿನ್ನು ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ ಉಸಿರು ಬಿಡುತ್ತದೆ. ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ಆ ನಾಲ್ಕನ್ನು ಬಡಿದು ತೋರಿಸಿದರು. ಮೂರನೆಯ ಪೆಟ್ಟನ್ನು ಬೇಕೆಂದೇ ತಡಮಾಡಿ, "ಹೀಗೆ ಕೇಳಿದರೆ ವಾಲ್ವು ಕೆಟ್ಟಿದೆ ಎಂದು ಅರ್ಥ" ಎಂದು ನಕ್ಕರು.

ಕಷ್ಟದ್ದು ವಾಲ್ಷಾರ್ಟ್ಸ್ ಗೇರು, ಸಿಲಿಂಡರಿಗೆ ಉಗಿ ಬಿಡುವ ವಾಲ್ವನ್ನು ಆಡಿಸುವ ಏರ್ಪಾಡು. ಬೆಲ್ಜಿಯಂನ ಎಗೀಡ್ ವಾಲ್ಷಾರ್ಟ್ಸ್ 1844ರಲ್ಲಿ ರೂಪಿಸಿದ ಈ ರಾಡುಗಳ ಕೂಟ ನಮ್ಮ ಗೂಡ್ಸು ಗಾಡಿಗಳ ವೈಜಿ, ಡಬ್ಲ್ಯುಜಿ ಎಂಜಿನ್ನುಗಳವರೆಗೂ ನಡೆದುಬಂತು. ವಾಲ್ವಿಗೆ ಚಲನೆ ಎರಡು ಕಡೆಯಿಂದ ಬರುತ್ತದೆ: ಕ್ರಾಸ್‌ಹೆಡ್ಡಿನಿಂದ ಒಂದು, ಚಕ್ರದ ಮೇಲಿನ ಪುಟ್ಟ ಕ್ರ್ಯಾಂಕು ತೂಗಾಡಿಸುವ ಬಾಗಿದ ಲಿಂಕಿನಿಂದ ಇನ್ನೊಂದು. ಯಜಮಾನರು ಮೊಣಕೈಯನ್ನೇ ಲಿಂಕು ಮಾಡಿ, ಊರುಗೋಲನ್ನು ಲಿಂಕಿನಿಂದ ವಾಲ್ವಿನ ಕಡೆಗೆ ಚಲನೆ ಒಯ್ಯುವ ರೇಡಿಯಸ್ ರಾಡಾಗಿ ಹಿಡಿದರು. ಕೋಲನ್ನು ಕೆಳಗಿಳಿಸಿದರೆ ಎಂಜಿನ್ನು ಮುಂದಕ್ಕೆ, ಮೇಲೆತ್ತಿದರೆ ಹಿಂದಕ್ಕೆ. ನಟ್ಟನಡುವೆ ಹಿಡಿದರೆ ಲಿಂಕು ಎಷ್ಟು ತೂಗಿದರೂ ಕೋಲು ಕದಲದು. ಅವರು ನಿಧಾನವಾಗಿ ತೋಳು ಆಡಿಸುತ್ತಾ ಹೋದಂತೆ ನಾನು ಗಟ್ಟಿ ತುದಿಯ 2ಎಚ್ ಪೆನ್ಸಿಲ್ಲಿನಲ್ಲಿ ಬರೀ ಗೆರೆಗಳನ್ನು ಎಳೆದುಕೊಂಡೆ. ನಾನು ನೋಡಿದ ಯಾವ ವೀಡಿಯೊ ಕೂಡ ಇಷ್ಟು ಕಲಿಸಿರಲಿಲ್ಲ. ಅದರಲ್ಲಿ ಎಲ್ಲವೂ ಒಟ್ಟಿಗೆ ಅಲುಗಾಡುತ್ತದೆ, ಯಾವುದು ಯಾವುದನ್ನು ನೂಕುತ್ತಿದೆ ಎಂದು ತಿಳಿಯುವುದಿಲ್ಲ.

ಛಾಯೆಯ ಬಗ್ಗೆಯೂ ಕೇಳಿದೆ. ಪ್ರದರ್ಶನಕ್ಕೆ ನಿಲ್ಲಿಸಿದ ಎಂಜಿನ್ನಿನಲ್ಲಿ ರಾಡುಗಳಿಗೂ ಬಣ್ಣ ಬಳಿದಿರುತ್ತಾರೆ. ದುಡಿಯುವ ಎಂಜಿನ್ನಿನಲ್ಲಿ ಕ್ರಾಸ್‌ಹೆಡ್ಡು ಜಾರುವ ಪಟ್ಟಿ ಯಾವಾಗಲೂ ಬೆಳ್ಳಗೆ ಮಿರುಗುತ್ತಿತ್ತಂತೆ, ಪಿನ್ನುಗಳ ಸುತ್ತ ಎಣ್ಣೆ, ದೂಳು ಕೂಡಿದ ಕಪ್ಪು ಜಿಡ್ಡು. ಹಾಗಾದರೆ ಪಟ್ಟಿಗೆ ಕಾಗದದ ಬಿಳಿಯನ್ನೇ ಬಿಡಬೇಕು, ಪಿನ್ನಿನ ಸುತ್ತ ಮೆತ್ತನೆಯ, ಕಪ್ಪಾದ 4ಬಿ ಪೆನ್ಸಿಲ್ಲು. ತೀರ ಮೆತ್ತನೆಯ ಪೆನ್ಸಿಲ್ಲನ್ನು ಒತ್ತಿ ತಿಕ್ಕಿದರೆ ಗ್ರಾಫೈಟೇ ಮಿಂಚಿ ಕಪ್ಪು ಹೋಗಿ ಬೂದುಬಣ್ಣ ಕಾಣುತ್ತದೆ. ಆ ಆಸೆಯನ್ನು ತಡೆಯಬೇಕು. ಬಳ್ಳಾರಿಯ ಸೆಕೆಗೆ ಅಂಗೈ ಬೆವರಿ, ಕೈ ಕೆಳಗೆ ಬೇರೆ ಹಾಳೆ ಇಟ್ಟುಕೊಂಡೇ ಬರೆದೆ.

ಮಧ್ಯಾಹ್ನದ ರೈಲಿಗೆ ಕೊಪ್ಪಳದ ಅಕ್ಕನ ಮನೆಗೆ ಹೊರಟೆ. ತೋರಣಗಲ್ಲಿನ ಕೆಂಪು ದೂಳು, ತುಂಗಭದ್ರೆಯ ಸೇತುವೆ ಹಾದುಹೋದವು. ನಾನು ಹೆಚ್ಚು ನೋಡಲಿಲ್ಲ. 45 ಡಿಗ್ರಿಗೊಂದರಂತೆ ಎಂಟು ಹಾಳೆ. ಎಡಬದಿಗೆ ಬೇರೆ ಎಂಟು ಬರೆಯಬೇಕೇ ಎಂಬ ಚಿಂತೆ ಹತ್ತಿತ್ತು. ಮುನಿರಾಬಾದ್ ದಾಟುವಾಗ ಲೆಕ್ಕ ಹೊಳೆಯಿತು. 90 ಡಿಗ್ರಿ ಅಂದರೆ ಎರಡು ಹಾಳೆಯ ಅಂತರ. ಬಲಬದಿಯ ಮೂರನೆಯ ಹಾಳೆಯ ಹೊತ್ತಿಗೆ ಎಡಬದಿ ಮೊದಲನೆಯ ಹಾಳೆಯ ಭಂಗಿಯಲ್ಲಿರುತ್ತದೆ, ಕನ್ನಡಿಯಲ್ಲಿ ತಿರುವಿದಂತೆ. ಟ್ರೇಸಿಂಗ್ ಕಾಗದ ಮಗುಚಿದರೆ ರಾಡುಗಳ ಕೆಲಸ ಮುಗಿಯಿತು. ಪೈಪುಗಳು ಮಾತ್ರ ಎರಡೂ ಬದಿಗೆ ಒಂದೇ ಬಗೆಯಲ್ಲಿರುವುದಿಲ್ಲ. ಅವುಗಳಿಗಾಗಿ ಮತ್ತೆ ಮೈಸೂರಿಗೆ ಹೋಗಬೇಕು.