ಗಂಟೆ ಬಾರಿಸಿದರೇ?

2021ರ ಮೇ ತಿಂಗಳಲ್ಲಿ ಪಕ್ಕದ ಮನೆಯ ಅಬುವೆಲಾ (ಸ್ಪ್ಯಾನಿಷ್‌ನಲ್ಲಿ ಅಜ್ಜಿ) ನನ್ನನ್ನು ಕೇಳಿದ ಒಂದು ಪ್ರಶ್ನೆ ಮೊನ್ನೆ ಬುಧವಾರ ರಾತ್ರಿ ಅರ್ಥವಾಯಿತು. ಅಂದಿನಿಂದ ಅದೇ ಕಿವಿಯಲ್ಲಿ ಕೂತಿದೆ.

ಮಂಡ್ಯದ ಹತ್ತಿರದ ನಮ್ಮ ಊರಿನಲ್ಲಿ ಅವ್ವ ಕೋವಿಡ್‌ನಿಂದ ತೀರಿಕೊಂಡ ದಿನ ಅದು. ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೆ. ಭಾರತದಲ್ಲಿ ಅಮೆರಿಕದ ವೀಸಾ ಕೆಲಸ ನಿಂತುಹೋಗಿತ್ತು. ಹೋದರೆ ಮರಳಿ ಬರಲು ಪಾಸ್‌ಪೋರ್ಟಿಗೆ ಮುದ್ರೆ ಯಾವಾಗ ಬಿದ್ದೀತೆಂದು ಹೇಳುವವರಿರಲಿಲ್ಲ, ಮಗಳಿಗೆ ನಾಲ್ಕು ವರ್ಷ. ಮೊಬೈಲಿನಲ್ಲೇ ಎಲ್ಲ ಮುಗಿಯಿತು. ಅಬುವೆಲಾ ಒಂದು ಪಾತ್ರೆ ತುಂಬ ಆತೋಲೆ, ಅಂದರೆ ಮುಸುಕಿನ ಜೋಳದ ಗಂಜಿ ಹಿಡಿದು ಬಂದರು. ಪಕ್ಕದಲ್ಲಿ ಕೂತು ಸ್ಪ್ಯಾನಿಷ್‌ನಲ್ಲಿ ಏನೋ ಕೇಳಿದರು. ಅವರ ಮಗಳು ಅನುವಾದಿಸಿದಳು: "ಗಂಟೆ ಬಾರಿಸಿದರೇ ಎಂದು ಕೇಳುತ್ತಿದ್ದಾರೆ."

ನಮ್ಮಲ್ಲಿ ದಾಸಯ್ಯ ಶಂಖ ಊದಿ ಜಾಗಟೆ ಬಾರಿಸುತ್ತಾನೆ, ಈ ಸಲ ಅದೂ ಇರಲಿಲ್ಲ ಎಂದೆ. ಅವರು ಶಿಲುಬೆಯ ಗುರುತು ಮಾಡಿಕೊಂಡು ಎದ್ದು, ನನ್ನ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದರು. ಅಂಥ ಹೊತ್ತಿನಲ್ಲಿ ಗಂಟೆಯ ಮಾತೇಕೆ ಎಂದು ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು.

ಈಗ ಅಬುವೆಲಾ ಕೂಡ ತೀರಿಕೊಂಡರು. ಬುಧವಾರ ಅವರ ಒಂಬತ್ತನೆಯ ದಿನದ ಜಪ. ಮಣ್ಣು ಮಾಡಿದ ಮೇಲೆ ಒಂಬತ್ತು ರಾತ್ರಿ ಮನೆಯಲ್ಲಿ ಜಪಮಾಲೆ ಹಿಡಿದು ಪ್ರಾರ್ಥಿಸುತ್ತಾರೆ. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಶಿಲುಬೆ ಬರೆದು, ಸುತ್ತ ಚೆಂಡುಹೂವು ಇಟ್ಟಿದ್ದರು. ಕೊನೆಯ ರಾತ್ರಿ ಆ ಶಿಲುಬೆಯನ್ನು ತುಂಡುತುಂಡಾಗಿ ಎತ್ತಬೇಕು. ಬಲಗೈ ಕಡೆಯ ತುಂಡನ್ನು ನನ್ನಿಂದ ಎತ್ತಿಸಿದರು. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಹಾಕಿ, ತಿಕ್ಕಿ ಸಿಪ್ಪೆ ಬಿಡಿಸಿ ಹಿಟ್ಟು ಮಾಡುತ್ತಿದ್ದ ಅಬುವೆಲಾರ ಬೆರಳುಗಳಲ್ಲಿ ಸದಾ ಇರುತ್ತಿದ್ದುದು ಇದೇ ಸುಣ್ಣದ ವಾಸನೆ.

ಆಮೇಲೆ ಅಬುವೆಲಾರ ಮಗಳು ಮಾತಿಗೆ ಕೂತಳು. ಮೆಕ್ಸಿಕೋದ ಮಿಚೋಕಾನ್ ರಾಜ್ಯದ ಹಳ್ಳಿಯಿಂದ 1971ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ಅಬುವೆಲಾ ಕಾಗದಪತ್ರವಿಲ್ಲದೆ ಗಡಿ ದಾಟಿ ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯ ಲೆಟ್ಯೂಸ್ ಸೊಪ್ಪಿನ ಹೊಲಗಳಿಗೆ ಬಂದರು. ಎರಡು ಅಡಿಗಿಂತ ಗಿಡ್ಡ ಹಿಡಿಯ ಗುದ್ದಲಿ, ದಿನವಿಡೀ ಬಗ್ಗಿದ ಬೆನ್ನು. ಯಾರಾದರೂ ನೆಟ್ಟಗೆ ನಿಂತರೆ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು. ಕ್ಯಾಲಿಫೋರ್ನಿಯಾ ಆ ಗುದ್ದಲಿಯನ್ನು ನಿಷೇಧಿಸಿದ್ದು 1975ರಲ್ಲಿ. ಅಷ್ಟರೊಳಗೆ ಅವರ ಸೊಂಟ ಕೆಟ್ಟಿತ್ತು.

1982ರಲ್ಲಿ ಅವರ ತಾಯಿ ಸತ್ತರು. ಹೋದರೆ ಮರಳಲು ಮತ್ತೆ ದಲ್ಲಾಳಿಗೆ ಹಣ ಕೊಟ್ಟು ಕಳ್ಳದಾರಿಯಲ್ಲೇ ಗಡಿ ದಾಟಬೇಕು. ಮಧ್ಯೆ ಸಿಕ್ಕಿಬಿದ್ದರೆ ಮೂರು ಮಕ್ಕಳ ಗತಿ? ಹೋಗಲಿಲ್ಲ. ಸತ್ತವರಿಗಾಗಿ ಅಲ್ಲಿ ಚರ್ಚಿನ ಗಂಟೆ ಬಾರಿಸುತ್ತಾರೆ. ಊರಿಗೆಲ್ಲ ಒಂದೇ ಫೋನು, ಚರ್ಚಿನ ಎದುರಿನ ಅಂಗಡಿಯಲ್ಲಿ. ಅಂಗಡಿಯವನಿಗೆ ಅಬುವೆಲಾ ಹೇಳಿದ್ದು ಒಂದೇ ಮಾತು: "ಫೋನನ್ನು ಗಂಟೆಯ ಕಡೆ ಹಿಡಿ." ಕೈಯಲ್ಲಿದ್ದ ಚಿಲ್ಲರೆ ಮುಗಿಯುವವರೆಗೂ ಕೇಳುತ್ತ ನಿಂತರಂತೆ.

ಗಂಟೆ ಬಾರಿಸಿದರೇ? ಎಲ್ಲ ಕಳೆದುಕೊಂಡ ಮೇಲೂ ಕೈಗೆ ಏನಾದರೂ ಸಿಕ್ಕಿತೇ ಎಂದು ಆ ತಾಯಿ ನನ್ನನ್ನು ಕೇಳಿದ್ದರು. ನಾನು ಇಲ್ಲ ಎಂದೆ, ಅವರು ನನ್ನ ಪಾತ್ರೆ ತೊಳೆದರು.

1986ರ ಕಾನೂನು ಹೊಲದ ಕೂಲಿಗಳಿಗೆ ಕಾಗದಪತ್ರ ಕೊಟ್ಟಿತು. ಅದು ಕೈಗೆ ಬಂದ ಮೇಲೆ ಅವರು ಮೊದಲು ಹೋದದ್ದು ತಾಯಿಯ ಸಮಾಧಿಗೆ. ನಮ್ಮವರು ಕೆಲವರು, ಸಾಲಿನಲ್ಲಿ ನಿಂತು ವೀಸಾ ಪಡೆದವರು, "ಬೇಲಿ ಹಾರಿ ಬಂದವರು" ಎಂದು ಬಾಯ್ತುಂಬ ಹಂಗಿಸುವುದನ್ನು ಈ ದೇಶದಲ್ಲಿ ಎಷ್ಟೋ ಸಲ ಕೇಳಿದ್ದೇನೆ, ಸುಮ್ಮನಿದ್ದೇನೆ. ಇನ್ನು ಸುಮ್ಮನಿರಲಾರೆ. ಅವರು ಕಿತ್ತ ಸೊಪ್ಪನ್ನು ತಿನ್ನುವವರು ನಾವು. ತಾಯಿಯ ಮುಖ ನೋಡಲು ಆಗದ ಸಂಕಟಕ್ಕೆ ನನ್ನ ಮುದ್ರೆ ಬೇರೆ, ಅವರ ಬೇಲಿ ಬೇರೆ ಎಂಬ ಭೇದ ನನಗಂತೂ ಕಾಣುವುದಿಲ್ಲ. ಅಬುವೆಲಾರ ಹಿರಿಯ ಮಗನ ಮೇಲೂ ನನಗೆ ಕೋಪವಿದೆ. ಒಂಬತ್ತು ರಾತ್ರಿಯಲ್ಲಿ ಅವನು ಬಂದದ್ದು ಎರಡೇ ರಾತ್ರಿ, ಅದೂ ಅಂಗಳದಲ್ಲಿ ಫೋನಿನಲ್ಲಿ ಮಾತಾಡುತ್ತ ನಿಲ್ಲಲು. ಕಿರಿಯವಳೊಬ್ಬಳೇ ಎಲ್ಲ ಹೊತ್ತಳು.

ಮಣ್ಣು ಮಾಡಿದ ದಿನ ಆ ಕಿರಿಯವಳು ತನ್ನ ಮೊಬೈಲನ್ನು ಪೆಟ್ಟಿಗೆಯ ಮೇಲೆ, ತಾಯಿಯ ತಲೆಯ ಕಡೆ ಇಟ್ಟಿದ್ದಳು. ಪ್ರಾರ್ಥನೆಯನ್ನು ರೆಕಾರ್ಡ್ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆ. ಅದಲ್ಲವಂತೆ. ಅತ್ತ ಮಿಚೋಕಾನಿನ ಹಳ್ಳಿಯಲ್ಲಿ ಸೋದರಮಾವನ ಮೊಮ್ಮಗನೊಬ್ಬ ಚರ್ಚಿನ ಗೋಪುರದ ಕೆಳಗೆ ಫೋನು ಎತ್ತಿ ಹಿಡಿದು ನಿಂತಿದ್ದನಂತೆ.