ನಾನು ರೇಸ್ ಮಾಡಿದೆ, ಡೀಲರ್ ಕಾಲ್ ಅಂದರು

ನನ್ನ ದನಿ ಮೆಲು. ಶಾಲೆಯಲ್ಲಿ ಹಾಜರಿ ಕೂಗುವಾಗ ‘ಎಸ್ ಸಾರ್’ ಅಂದರೂ ಕೇಳಿಸದೆ ಮೇಷ್ಟ್ರು ಗೈರು ಹಾಕಿ ಮುಂದಿನ ಹೆಸರಿಗೆ ಹೋಗಿದ್ದುಂಟು. ಮೂರು ವರ್ಷ ಆನ್‌ಲೈನ್‌ನಲ್ಲಿ ಪೋಕರ್ ಎಂಬ ಇಸ್ಪೀಟಿನ ಬಾಜಿ ಆಟ ಆಡಿದಾಗ ಇದರಿಂದ ಏನೂ ತೊಂದರೆಯಾಗಲಿಲ್ಲ. ಅಲ್ಲಿ ಬಾಯಿಗೆ ಕೆಲಸವೇ ಇಲ್ಲ. ಮೊತ್ತ ಬರೆದು ಒತ್ತಿದರೆ ಮುಗಿಯಿತು, ಸರದಿ ಬರುವ ತನಕ ಬೆಟ್ ಹಾಕಲು ಬಿಡುವುದೂ ಇಲ್ಲ.

ಕ್ಯಾಸಿನೊದಲ್ಲಿ ಮೊದಲ ಸಲ ಟೂರ್ನಮೆಂಟ್ ಆಡಲು ಕೂತೆ. ಬ್ಲೈಂಡ್, ಅಂದರೆ ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಬೆಟ್, 300-600. ನಾನು ಬಟನ್‌ನಲ್ಲಿದ್ದೆ (ಈ ಸುತ್ತಿನಲ್ಲಿ ನನ್ನ ನಂತರ ಬ್ಲೈಂಡಿನ ಇಬ್ಬರೇ ಬಾಕಿ), ಬಂದಿದ್ದು ಎರಡು ಕಿಂಗ್. ನನಗಿಂತ ಮುಂಚಿನವರೊಬ್ಬರು 1500ಕ್ಕೆ ಏರಿಸಿದರು. ನಾನು 5000ದ ಒಂದೇ ಚಿಪ್ (ಹಣದ ಬದಲಿನ ಬಿಲ್ಲೆ) ತೆಗೆದು ಬೆರಳ ತುದಿಯಿಂದ ಚಿಮ್ಮಿದೆ. ಅದು ಎರಡು ಸುತ್ತು ಗಿರಕಿ ಹೊಡೆದು ಬಿತ್ತು. ಬಹಳ ಸ್ಟೈಲಾಗಿತ್ತು. ‘ಐದು ಸಾವಿರಕ್ಕೆ ರೇಸ್’, ಅಂದರೆ ಬೆಟ್ ಅಷ್ಟಕ್ಕೆ ಏರಿಸುತ್ತೇನೆ, ಅಂತ ಮನಸ್ಸಿನಲ್ಲಿ ಗಟ್ಟಿಯಾಗಿಯೇ ಹೇಳಿಕೊಂಡಿದ್ದೆ.

“ಕಾಲ್,” ಅಂದರು ಎಲೆ ಹಂಚುವ ಡೀಲರ್. ಅಂದರೆ ಇದ್ದ 1500ಕ್ಕೆ ಸರಿಗಟ್ಟಿದ್ದಷ್ಟೇ, ಏರಿಸಿದ್ದಲ್ಲ. ಉಳಿದ 3500ರ ಚಿಲ್ಲರೆ ಎಣಿಸಿ ನನ್ನ ಕಡೆ ಸರಿಸಿದರು.

“ಇಲ್ಲ, ಅದು ರೇಸ್,” ಅಂದೆ. ಅದೂ ಅವರಿಗೆ ಸರಿಯಾಗಿ ಕೇಳಿಸಲಿಲ್ಲ. ಎರಡನೇ ಸಲ ಅಂದಾಗ ತೀರ್ಪು ಕೊಡುವ ಫ್ಲೋರ್‌ನವರನ್ನು ಕರೆದರು. ಆತ ಬಂದು ಕೇಳಿದ್ದು ಒಂದೇ ಪ್ರಶ್ನೆ: ಚಿಪ್ ಹಾಕುವ ಮೊದಲು ಏನಾದರೂ ಹೇಳಿದಿರಾ? ಇಲ್ಲ. ಹಾಗಾದರೆ ಕಾಲ್. ಹತ್ತು ಸೆಕೆಂಡೂ ಹಿಡಿಯಲಿಲ್ಲ.

ಸ್ಮಾಲ್ ಬ್ಲೈಂಡ್, ಅಂದರೆ 300 ಹಾಕಿದ್ದವರು, ಎಲೆ ಬಿಟ್ಟರು. ಬಿಗ್ ಬ್ಲೈಂಡ್‌ನಲ್ಲಿ 600 ಹಾಕಿದ್ದವರಿಗೆ 3900 ಇದ್ದ ಪಾಟ್‌ಗೆ (ಮಧ್ಯದಲ್ಲಿ ಸೇರಿದ ಒಟ್ಟು ಬೆಟ್) ಆಡಲು ಇನ್ನು 900 ಸಾಕಾಗಿತ್ತು. ಹಾಕಿದರು. ಫ್ಲಾಪ್‌ನಲ್ಲಿ, ಅಂದರೆ ಎಲ್ಲರಿಗೂ ಸೇರಿ ಮಧ್ಯದಲ್ಲಿ ತೆರೆದಿಡುವ ಮೊದಲ ಮೂರು ಎಲೆಗಳಲ್ಲಿ, 9, 5, 2. ಅವರ ಕೈಯಲ್ಲಿದ್ದದ್ದು 9 ಮತ್ತು 5: ಅವರಿಗೆ ಎರಡು ಜೋಡಿ, ನನಗೆ ಒಂದೇ. ನಾನು 5000 ಅಂತ ಬಾಯಿಬಿಟ್ಟು ಹೇಳಿದ್ದರೆ ಆ ಎಲೆಗಳನ್ನು ಅವರು ಅರೆಕ್ಷಣವೂ ಇಟ್ಟುಕೊಳ್ಳುತ್ತಿರಲಿಲ್ಲ. ನನ್ನ ಸ್ಟ್ಯಾಕ್, ಅಂದರೆ ಚಿಪ್ಪುಗಳ ರಾಶಿ, ಅರ್ಧ ಹೋಯಿತು. ಆ ಡೀಲರ್ ಮೇಲೆ ಒಂದು ವಾರ ಸಿಟ್ಟಿತ್ತು, ಆಮೇಲೆ ನಿಯಮ ಓದಿದೆ.

ನಿಯಮ ಸರಳ. ಎದುರಿಗೆ ಬೆಟ್ ಇರುವಾಗ ಮಾತಿಲ್ಲದೆ ಒಂದೇ ದೊಡ್ಡ ಚಿಪ್ ಹಾಕಿದರೆ ಅದು ಕಾಲ್. ಚಿಲ್ಲರೆ ಇಲ್ಲದವನು ದೊಡ್ಡ ನೋಟು ಕೊಟ್ಟ ಹಾಗೆ ಅಂತ ಲೆಕ್ಕ. ಫ್ಲಾಪ್ ಆದಮೇಲೆ ನೀವೇ ಮೊದಲು ಬೆಟ್ ಮಾಡುವವರಾದರೆ ಮಾತ್ರ ಅದೇ ಚಿಪ್ ಪೂರ್ತಿ 5000ದ ಬೆಟ್ ಆಗುತ್ತದೆ. ಹಿಂದೆ ಇವೆಲ್ಲ ಒಂದೊಂದು ಕ್ಯಾಸಿನೊದಲ್ಲಿ ಒಂದೊಂದು ಥರ ಇತ್ತು. ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ 2001ರಲ್ಲಿ ಶುರುವಾದ ಮೇಲೆ ಟೂರ್ನಮೆಂಟುಗಳ ಮಟ್ಟಿಗಾದರೂ ಒಂದು ಸಾಮಾನ್ಯ ನಿಯಮಪುಸ್ತಕ ಸಿಕ್ಕಿತು. ನೇರ ಹಣದ ಕ್ಯಾಶ್ ಗೇಮ್‌ಗಳಲ್ಲಿ ಈಗಲೂ ಆಯಾ ರೂಮಿನ ಕಟ್ಟಳೆಯೇ ನಡೆಯುವುದು. ಕೆಲವು ಕಡೆ ಟೇಬಲ್ ಮೇಲೆ ಗೆರೆ ಎಳೆದಿರುತ್ತಾರೆ, ಕೈ ಅದನ್ನು ದಾಟಿದರೆ ಬೆಟ್. ಕೆಲವು ಕಡೆ ಆ ಗೆರೆ ಬರೀ ಅಲಂಕಾರ. ಕೂರುವ ಮೊದಲೇ ಕೇಳಿಬಿಡುವುದು ವಾಸಿ.

ಸರಿ, ಇನ್ನು ಮೇಲೆ ಮಾತಾಡುತ್ತೇನೆ ಅಂತ ನಿರ್ಧರಿಸಿದೆ. ಮುಂದಿನ ಸಲ ಮಾತಾಡಿದೆ ಕೂಡ: “ಕಾಲ್... ಮತ್ತೆ ಇನ್ನೊಂದು ಎರಡು ಸಾವಿರ ರೇಸ್.” ಸಿನಿಮಾದಲ್ಲಿ ಎಲ್ಲರೂ ಹೀಗೇ ಹೇಳುತ್ತಾರೆ, ಯಾರೂ ತಡೆಯುವುದಿಲ್ಲ. ಇಲ್ಲಿ ‘ಕಾಲ್’ ಅಂದ ಕೂಡಲೇ ಡೀಲರ್ ಕೈ ಅಡ್ಡ ಹಿಡಿದರು. ಬಾಯಿಂದ ಮೊದಲು ಬಿದ್ದ ಮಾತಿಗೆ ನಾವು ಕಟ್ಟುಬಿದ್ದಂತೆ. ಚಿಪ್ಪುಗಳನ್ನು ಒಂದು ಸಲ ಇಟ್ಟು, ವಾಪಸ್ ಸ್ಟ್ಯಾಕಿಗೆ ಕೈ ಹಾಕಿ ಇನ್ನಷ್ಟು ತಂದಿಟ್ಟರೂ ಅದೇ ಕಥೆ. ಅದಕ್ಕೆ ಸ್ಟ್ರಿಂಗ್ ಬೆಟ್ ಅನ್ನುತ್ತಾರೆ. ಮೊದಲ ಕಂತು ಇಟ್ಟು, ಎದುರಿನವರ ಮುಖ ನೋಡಿ, ಅವರು ಸಡಿಲಾದರೆ ಇನ್ನೊಂದು ಕಂತು ಸೇರಿಸುವ ಚಾಲಾಕಿತನಕ್ಕೆ ಹಾಕಿದ ಬೇಲಿ ಇದು. ನಾನು ಯಾರ ಮುಖವನ್ನೂ ನೋಡಿರಲಿಲ್ಲ, ನನ್ನದೇ ಕೈ ನಡುಗುತ್ತಿತ್ತು. ಆದರೆ ಉದ್ದೇಶ ಏನಿತ್ತು ಅಂತ ಡೀಲರ್ ಹೇಗೆ ಅಳೆಯಬೇಕು? ಕಣ್ಣಿಗೆ ಕಂಡಿದ್ದು, ಕಿವಿಗೆ ಬಿದ್ದಿದ್ದು ಇಷ್ಟೇ ಅವರಿಗೆ ಲೆಕ್ಕ. ‘ರೇಸ್’ ಅನ್ನುವ ಒಂದು ಶಬ್ದ ಮೊದಲು ಬಂದಿದ್ದರೆ, ಕಾಲ್ ಮೊತ್ತ ಸರಿಯಾಗಿ ಇಟ್ಟು, ಇನ್ನೊಂದೇ ಸಲ ಕೈ ಹಾಕಿ ಉಳಿದದ್ದನ್ನು ಸೇರಿಸಲು ಅವಕಾಶವಿತ್ತು. ಮೊತ್ತವನ್ನೂ ಹೇಳಿಬಿಟ್ಟಿದ್ದರೆ ನಿಧಾನವಾಗಿ ಎಣಿಸಿ ಹಾಕಿದರೂ ನಡೆಯುತ್ತಿತ್ತು.

ಮಾತಿಲ್ಲದೆ ಹಲವು ಚಿಪ್ ಹಾಕಿದರೆ ಲೆಕ್ಕ ಇನ್ನೂ ತಮಾಷೆ. ಮೇಲಿನ ಕೈಯನ್ನೇ, ಅಂದರೆ ನನಗೆ ಎರಡು ಕಿಂಗ್ ಬಂದಿದ್ದ ಆಟವನ್ನೇ, ತಗೊಳ್ಳಿ. 600ರಿಂದ 1500ಕ್ಕೆ ಏರಿಸಿದ್ದಾರೆ, ಅಂದರೆ ಏರಿಕೆ 900. ಮುಂದಿನ ರೇಸ್ ಕಡಿಮೆ ಅಂದರೂ ಅಷ್ಟೇ ಏರಿ ಒಟ್ಟು 2400 ಆಗಬೇಕು. ನೀವು ಸುಮ್ಮನೆ ನೂರರ ಚಿಪ್ಪುಗಳಲ್ಲಿ 1900 ಇಟ್ಟರೆ ಏರಿಕೆಯ ಅರ್ಧಕ್ಕಿಂತ ಕಡಿಮೆ, ಹಾಗಾಗಿ ಕಾಲ್. 2000 ಇಟ್ಟರೆ ಅರ್ಧ ದಾಟಿತು, ಹಾಗಾಗಿ ಬೇಕೋ ಬೇಡವೋ 2400 ತುಂಬಲೇಬೇಕು. ನೂರರ ಒಂದು ಚಿಪ್‌ನಲ್ಲಿ ನಿಮ್ಮ ಕೈ ಕಾಲ್‌ನಿಂದ ರೇಸ್ ಆಗಿಹೋಗುತ್ತದೆ. ಈ ಅಂಕಗಣಿತ ಮಾಡುವುದಕ್ಕಿಂತ ಒಂದು ಶಬ್ದ ಹೇಳುವುದು ಸುಲಭವಲ್ಲವೇ?

ಶಬ್ದ ಹೇಳುವುದರಲ್ಲೂ ಒಂದು ಪೇಚಿದೆ. ಕನ್ನಡದಲ್ಲಿ ‘ನಾಲ್ಕು ಸಾವಿರಕ್ಕೆ ರೇಸ್’ ಅಂದರೆ ಒಟ್ಟು ನಾಲ್ಕು ಸಾವಿರ, ‘ನಾಲ್ಕು ಸಾವಿರ ರೇಸ್’ ಅಂದರೆ ಈಗಿರುವುದರ ಮೇಲೆ ನಾಲ್ಕು ಸಾವಿರ. ಒಂದು ‘ಕ್ಕೆ’ ಅಷ್ಟು ಕೆಲಸ ಮಾಡುತ್ತದೆ. ಟೇಬಲ್ಲಿನ ಇಂಗ್ಲಿಷಿನಲ್ಲಿ ಆ ಕೆಲಸ ‘ಟು’ ಮಾಡಬೇಕು, ಆದರೆ ‘ರೇಸ್ ಟು ಟೂ ಥೌಸಂಡ್’ ಅಂತ ಗಡಿಬಿಡಿಯಲ್ಲಿ ಹೇಳಿ ನೋಡಿ. ಹೇಳಿದವನಿಗೇ ಎಷ್ಟು ಟೂ ಬಂತು ಅಂತ ಗೊತ್ತಿರುವುದಿಲ್ಲ. ಫಿಫ್ಟೀನ್, ಫಿಫ್ಟಿ ಗೊಂದಲ ಬೇರೆ. ನಾನೀಗ ‘ರೇಸ್’ ಅಂದು ಒಂದು ಕ್ಷಣ ನಿಲ್ಲುತ್ತೇನೆ, ಆಮೇಲೆ ‘ಟೋಟಲ್’ ಅಂತ ಸೇರಿಸಿ ಮೊತ್ತ ಹೇಳುತ್ತೇನೆ. 1500 ಅಂತಿದ್ದರೆ ‘ಒನ್ ಫೈವ್ ಜೀರೊ ಜೀರೊ’ ಅಂತ ಬಿಡಿಸಿ ಹೇಳಲೂ ನಾಚಿಕೆಯಿಲ್ಲ. ಬರೀ ‘ಐದು’ ಅನ್ನುವವರನ್ನು ಕಂಡರೆ ನನಗೆ ಭಯ. ಐನೂರೋ ಐದು ಸಾವಿರವೋ? ಟೂರ್ನಮೆಂಟ್ ನಿಯಮದ ಪ್ರಕಾರ, ಪಾಟ್ ದಾಟದ ಹಾಗೆ ಯಾವ ಅರ್ಥ ದೊಡ್ಡದೋ ಅದನ್ನು ಹಿಡಿಯುತ್ತಾರೆ. ಪಾಟ್‌ನಲ್ಲಿ 5000 ಅಥವಾ ಹೆಚ್ಚಿದ್ದರೆ ನಿಮ್ಮ ‘ಐದು’ ಐದು ಸಾವಿರವೇ.

ಕೈಯ ಅಭ್ಯಾಸಗಳೂ ಬಾಯಿಗಿಂತ ಮೊದಲು ಮಾತಾಡಿಬಿಡುತ್ತವೆ. ಯೋಚಿಸುವಾಗ ಬೆರಳಲ್ಲಿ ಮೇಜು ತಟ್ಟುವ ಚಟ ನನಗಿತ್ತು. ಪೋಕರ್‌ನಲ್ಲಿ ತಟ್ಟಿದರೆ ಚೆಕ್, ಅಂದರೆ ಬೆಟ್ ಮಾಡದೆ ಸರದಿ ದಾಟಿಸಿದಂತೆ. ಕೊನೆಯ ಎಲೆ ಬಿದ್ದು ನನಗೆ ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಗಿತ್ತು, ಎಷ್ಟು ಬೆಟ್ ಮಾಡಲಿ ಅಂತ ಯೋಚಿಸುತ್ತಾ ಟಕ ಟಕ ಅಂತ ತಟ್ಟಿದೆ. ಎದುರಿನವರೂ ಖುಷಿಯಿಂದ ತಟ್ಟಿ ಎಲೆ ತೋರಿಸಿದರು. ಪಾಟ್ ಬಂತು, ಆದರೆ ಚಿಕ್ಕದು. ಅಂದಿನಿಂದ ಯೋಚಿಸುವಾಗ ಎರಡೂ ಕೈ ತೊಡೆಯ ಮೇಲೆ.

ನೋಡಿದ್ದರಲ್ಲಿ ಕೆಟ್ಟದ್ದು ನನ್ನದಲ್ಲ. ವಯಸ್ಸಾದವರೊಬ್ಬರು ಕೊನೆಯ ಸುತ್ತಿನಲ್ಲಿ 3000 ಬೆಟ್ ಮಾಡಿದರು. ಟೇಬಲ್ಲಿನ ಆ ತುದಿಯಲ್ಲಿದ್ದ ಹುಡುಗ, ಗದ್ದಕ್ಕೆ ಕೈ ಕೊಟ್ಟುಕೊಂಡೇ, ‘ಆಲ್ ಇನ್’, ಅಂದರೆ ತನ್ನೆಲ್ಲ ಚಿಪ್ಪೂ ಬೆಟ್, ಅಂದ. ಹಿರಿಯರಿಗೆ ಕೇಳಿಸಿದ್ದು ‘ಕಾಲ್’. ಪಾಪ, ಎರಡೂ ಎಲೆ ಮಗುಚಿ ತೋರಿಸಿಬಿಟ್ಟರು, ಎರಡು ಜೋಡಿ. ಡೀಲರ್ ಆಲ್ ಇನ್ ಬಿಲ್ಲೆಯನ್ನು ಹುಡುಗನ ಮುಂದೆ ಇಡಲು ಆಗಷ್ಟೇ ಕೈ ಚಾಚುತ್ತಿದ್ದರು. ಫ್ಲೋರ್‌ನವರು ಬಂದು, ಆಲ್ ಇನ್ ನಿಲ್ಲುತ್ತದೆ, ಹಿರಿಯರ ಕೈ ಇನ್ನೂ ಜೀವಂತ, ಕಾಲ್ ಮಾಡಬಹುದು ಅಥವಾ ಬಿಡಬಹುದು ಅಂದರು. ತನ್ನ ಎಲೆ ಊರಿಗೆಲ್ಲ ಕಾಣುತ್ತಿರುವಾಗ ಅವರು ಎರಡು ನಿಮಿಷ ಕೂತು ಯೋಚಿಸಿದರು. ಕೊನೆಗೆ ಬಿಟ್ಟರು. ಹುಡುಗ ತನ್ನ ಎಲೆಗಳನ್ನು ಮುಖ ಕೆಳಗೆ ಮಾಡಿಯೇ ಡೀಲರ್ ಕಡೆ ಸರಿಸಿದ. ಬೇಕೆಂದೇ ಗೊಣಗಿದನೋ, ನನ್ನ ಹಾಗೆ ಹುಟ್ಟುದನಿಯೇ ಅಷ್ಟೋ, ಅವನ ಮುಖ ನೋಡಿ ತಿಳಿಯುವಂತಿರಲಿಲ್ಲ.

ದನಿ ಎತ್ತಿದರೆ ಕೈಯ ಗುಟ್ಟು ರಟ್ಟಾಗುತ್ತದೆ ಅನ್ನುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಒಳ್ಳೆ ಕೈಗೂ ಟೊಳ್ಳು ಕೈಗೂ ಅದೇ ಎರಡು ಶಬ್ದ, ಅದೇ ಏರಿಳಿತ ಅಂತ ರೂಢಿಯಾದರೆ ದನಿಯಲ್ಲಿ ಹಿಡಿಯಲು ಏನೂ ಇರುವುದಿಲ್ಲ. ಅದಕ್ಕಿಂತ ಚಿಪ್ ಚಿಮ್ಮುವ ರೀತಿಯೇ ಹೆಚ್ಚು ಹೇಳುತ್ತದೆ. ನಾನು ಮನೆಯಲ್ಲಿ ಕನ್ನಡಿ ಮುಂದೆ ‘ರೇಸ್, ಟೋಟಲ್ ನಾಲ್ಕು ಸಾವಿರ’ ಅಂತ ಅಭ್ಯಾಸ ಮಾಡಿದವನು. ಹೆಂಡತಿ ಬಾಗಿಲಲ್ಲಿ ನಿಂತು “ಯಾರಿಗೆ ಕೊಡಬೇಕು ಅಷ್ಟು?” ಅಂತ ಕೇಳಿದ್ದಳು.

ಹೋದ ಶನಿವಾರ ನನ್ನ ಎಡಗಡೆ ಹೊಸಬನೊಬ್ಬ ಕೂತಿದ್ದ. ಬೆಟ್‌ಗೆ ಎದುರಾಗಿ 5000ದ ಒಂದೇ ಚಿಪ್ ಹಾಕಿದ, ಡೀಲರ್ ಕಾಲ್ ಅಂದರು, ಅವನ ಮುಖ ಬಾಡಿತು. ಕೈ ನಡೆಯುವಾಗ ಬೇರೆಯವರು ಸಲಹೆ ಕೊಡುವಂತಿಲ್ಲ, ಅದಕ್ಕೆ ಮುಗಿಯುವ ತನಕ ಕಾದು, ಅವನ ಕಡೆ ವಾಲಿ ಹೇಳಿದೆ: ಚಿಪ್ ಮುಟ್ಟುವ ಮೊದಲು ಗಟ್ಟಿಯಾಗಿ ಹೇಳಪ್ಪ. ಅವನು ತಲೆಯಾಡಿಸಿದ. ಮುಂದಿನ ಕೈಯಲ್ಲಿ ಎಲೆ ಎತ್ತಿ ನೋಡಿದವನೇ, ಪಕ್ಕದ ಟೇಬಲ್ಲಿಗೂ ಕೇಳಿಸುವ ಹಾಗೆ “ರೇಸ್!” ಅಂದ. ಅವನಿಗಿಂತ ಮುಂಚೆ ಇನ್ನೂ ಇಬ್ಬರು ಆಡಬೇಕಿತ್ತು. ಅದೃಷ್ಟಕ್ಕೆ ಅವರಲ್ಲೊಬ್ಬರು ತಾವೇ ಏರಿಸಿದರು. ಆಟ ಬದಲಾದ್ದರಿಂದ ಇವನ ಮಾತು ಇವನನ್ನು ಕಟ್ಟಲಿಲ್ಲ. ಎಲೆ ಬಿಟ್ಟು ನನ್ನ ಕಡೆ ತಿರುಗಿದ.

ಸರದಿ ವಿಷಯ ಹೇಳುವುದು ಮರೆತಿದ್ದೆ.