ಹೆಲ್ಸಿಂಕಿಯಲ್ಲಿ ಎಳ್ಳು ಬೀರಿದ್ದು

ಎಳ್ಳು ಬೀರಬೇಕು ಅಂದರೆ ಮೊದಲು ಮನೆಗಳು ಬೇಕು. ಎಳ್ಳು, ಬೆಲ್ಲ, ಕೊಬ್ಬರಿ ಎಲ್ಲ ಆಮೇಲೆ. ಮೈಸೂರಿನಲ್ಲಿ ಸಂಕ್ರಾಂತಿ ಸಂಜೆ ತಟ್ಟೆ ಹಿಡಿದು ಹೊರಟರೆ ಯಾರ ಮನೆಗೆ ಹೋಗುವುದು ಅಂತ ಯೋಚಿಸಿದ ನೆನಪೇ ಇಲ್ಲ. ಫಿನ್‌ಲೆಂಡಿನಲ್ಲಿ ಹಾಗೆ ಹೇಳದೆ ಕೇಳದೆ ಯಾರ ಮನೆಗೂ ಹೋಗುವುದಿಲ್ಲ. ಮೊದಲೇ ದಿನ, ಗಂಟೆ ಗೊತ್ತು ಮಾಡಿಕೊಳ್ಳಬೇಕು. ಹಾಗಾಗಿ ಇಲ್ಲಿ ಹಬ್ಬಕ್ಕೆ ಸಾಮಾನು ಹೊಂದಿಸುವುದಕ್ಕಿಂತ ಜನ ಹೊಂದಿಸುವುದೇ ಕಷ್ಟ.

ಸಾಮಾನಿಗೆ ಹೆಲ್ಸಿಂಕಿಯ ಹಕನಿಯೆಮಿ ಬಡಾವಣೆಯ ಅಂಗಡಿಗಳಿವೆ. ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜ, ಬೆಲ್ಲ ಎಲ್ಲ ಸಿಗುತ್ತದೆ. ಅವರೆಕಾಳು ಫ್ರೀಜರ್‌ನಲ್ಲಿದೆ. ಪ್ಯಾಕೆಟ್ ಮೇಲೆ 'ಸುರ್ತಿ ಪಾಪ್ಡಿ ಲಿಲ್ವಾ' ಅಂತ ಗುಜರಾತಿ ಹೆಸರಿರುತ್ತದೆ. ಸೊಗಡು ಇರಲ್ಲ, ಆದರೂ ಹುಗ್ಗಿಗೆ ಆಗುತ್ತದೆ. ಕಬ್ಬು ಕೂಡ ಫ್ರೀಜರ್‌ನಲ್ಲೇ ಸಿಕ್ಕಿತು, ಸಿಪ್ಪೆ ತೆಗೆದು ತುಂಡು ಮಾಡಿದ್ದು. ಸಿಗಿಯುವ ಕೆಲಸವಿಲ್ಲದ ಕಬ್ಬನ್ನು ನಾನಂತೂ ಕಬ್ಬು ಅಂತ ಒಪ್ಪುವುದಿಲ್ಲ. ಕೊಬ್ಬರಿ ಗಿಟುಕು ಮಾತ್ರ ಊರಿಂದಲೇ ಸೂಟ್‌ಕೇಸಿನಲ್ಲಿ ಬಂದಿತ್ತು. ಅದರ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ ಬಿಸಿಲಿಗೆ ಹಾಕಬೇಕು ಅಲ್ವಾ? ಜನವರಿಯಲ್ಲಿ ಹೆಲ್ಸಿಂಕಿಯ ಬಿಸಿಲು ನಂಬಿದರೆ ಆಯಿತು ಕಥೆ. ತಟ್ಟೆಯಲ್ಲಿ ಹರಡಿ ರೇಡಿಯೇಟರ್ ಮೇಲಿಟ್ಟೆ. ಚಳಿಗಾಲದಲ್ಲಿ ಮನೆಯೊಳಗಿನ ಗಾಳಿ ಎಷ್ಟು ಒಣಗಿರುತ್ತದೆ ಅಂದರೆ ಬೆಳಗಾಗುವಷ್ಟರಲ್ಲಿ ಕೊಬ್ಬರಿ ಗರಿಗರಿ, ಬೆಲ್ಲದ ಚೂರೂ ಅಂಟಲಿಲ್ಲ. ಅಮ್ಮನಿಗೆ ವಿಡಿಯೋದಲ್ಲಿ ತೋರಿಸಿದೆ. ಅವರು ಕೊಬ್ಬರಿ ಬಿಟ್ಟು ನನ್ನ ಕೈ ನೋಡಿದರು. "ಚರ್ಮ ಎಷ್ಟು ಒಡೆದಿದೆ, ಎಣ್ಣೆ ಹಚ್ಚೇ" ಅಂದರು.

2025ರ ಸಂಕ್ರಾಂತಿ ಮಂಗಳವಾರ ಬಂದಿತ್ತು. ಸೂರ್ಯ ಹುಟ್ಟುವುದು ಬೆಳಿಗ್ಗೆ 9 ದಾಟಿದ ಮೇಲೆ, ಮುಳುಗುವುದು 4 ಗಂಟೆಗೂ ಮುಂಚೆ. ಉತ್ತರಾಯಣದ ಮಹತ್ವವನ್ನು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಗಲು ಅತಿ ಚಿಕ್ಕದಾಗಿರುವ ಡಿಸೆಂಬರ್ 21 ಕಳೆದ ಮೇಲೆ ಆಫೀಸಿನಲ್ಲಿ ಅದೇ ಮಾತು. ಜನವರಿ ನಡುವಿಗೆ ಹಗಲು ದಿನಕ್ಕೆ ಮೂರು ನಾಲ್ಕು ನಿಮಿಷ ಬೆಳೆಯುತ್ತದೆ, ಅದನ್ನು ಎಲ್ಲರೂ ಲೆಕ್ಕ ಇಟ್ಟಿರುತ್ತಾರೆ.

ಆಫೀಸಿಗೆ ಎಳ್ಳು ಒಯ್ದೆ. ಡಬ್ಬಿಯ ಪಕ್ಕ ಚೀಟಿ ಬರೆದಿಟ್ಟೆ: ಇದರಲ್ಲಿ ಕಡಲೆಕಾಯಿ ಇದೆ, ಎಳ್ಳು ಇದೆ. ಯುರೋಪಿನಲ್ಲಿ ಅಲರ್ಜಿ ಅಂತ ಕಡ್ಡಾಯವಾಗಿ ನಮೂದಿಸಬೇಕಾದ 14 ಪದಾರ್ಥಗಳಲ್ಲಿ ಎರಡೂ ಸೇರಿವೆ. ನಮ್ಮ ಹಬ್ಬಕ್ಕೆ ಎಂಥ ಮರ್ಯಾದೆ ನೋಡಿ! ಮಗಳ ಡೇ ಕೇರ್‌ಗೆ ಕಡಲೆಕಾಯಿ ತರುವ ಹಾಗೇ ಇಲ್ಲ. ಅವಳ ಸ್ನೇಹಿತರಿಗೆ ಎಳ್ಳು ಹೋಗಲಿಲ್ಲ.

ಸಂಜೆ ಮೈಸೂರಿನ ಗೆಳತಿಗೆ ಫೋನ್ ಮಾಡಿದೆ. ಚಳಿಗಾಲದಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಮುಂದೆ. ನಾನು ಕೆಲಸ ಮುಗಿಸುವಾಗ ಅವಳ ಮನೆಯಲ್ಲಿ ಊಟದ ಗಲಾಟೆ. ಅವಳು ಕಾಲು ಚಾಚುವ ಹೊತ್ತಿಗೆ ಇಲ್ಲಿ ಮಗಳಿಗೆ ತುತ್ತು ತಿನ್ನಿಸುತ್ತಿರುತ್ತೇನೆ. ಆದ್ದರಿಂದ ನಮ್ಮ ಸ್ನೇಹ ಹೆಚ್ಚಾಗಿ ವಾಯ್ಸ್ ಮೆಸೇಜುಗಳಲ್ಲೇ ನಡೆಯುತ್ತದೆ. ಅವತ್ತು ಮಾತಿನ ನಡುವೆ ಅವಳ ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ ಅಂತ ಬಾಯಿ ತಪ್ಪಿ ಬಂತು. ಆಗಿ ಆಗಲೇ ವಾರಗಳು ಕಳೆದಿದ್ದವು.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅಲ್ಲಿಂದ ಏನ್ ಮಾಡ್ತಿದ್ದೆ ನೀನು? ಸುಮ್ನೆ ಗಾಬರಿ."

ಅವರ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇನೆ, ಆ ಅಮ್ಮನ ಹತ್ತಿರ ಎಷ್ಟು ಬೈಸಿಕೊಂಡಿದ್ದೇನೆ. ನನಗೆ ರೇಗಿತು. ಬಾಯಿಗೆ ಬಂದದ್ದು ಅಂದೆ, ಅವಳೂ ಬಿಡಲಿಲ್ಲ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕಾದ ದಿನ ಇಬ್ಬರೂ ಫೋನ್ ಕುಕ್ಕಿದೆವು.

ಶನಿವಾರ ಪಕ್ಕದ ಊರು ಎಸ್ಪೋದಲ್ಲಿ ಕನ್ನಡದ ಕೆಲವು ಮನೆಯವರು ಸೇರಿದ್ದೆವು. ಹುಬ್ಬಳ್ಳಿಯ ಒಬ್ಬರು ಕುಸುರೆಳ್ಳು, ಸಜ್ಜೆ ರೊಟ್ಟಿ, ಎಣ್ಣೆಗಾಯಿ ತಂದಿದ್ದರು. ರೊಟ್ಟಿ ಭೋಗಿ ದಿನದ ಅಡುಗೆಯಂತೆ. ಕುಸುರೆಳ್ಳನ್ನು ಕೈಗೆ ಹಾಕಿ "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದ್ಹಾಂಗ ಇರೋಣ್ರಿ" ಅಂದರು. ಊರಲ್ಲೇ ಇದ್ದಿದ್ದರೆ ಆ ರೊಟ್ಟಿ ನನ್ನ ತಟ್ಟೆಗೆ ಬರುತ್ತಿತ್ತೋ ಇಲ್ಲವೋ. ಎಳಚಿ ಹಣ್ಣು ಸಿಗದೆ ಬ್ಲೂಬೆರಿ, ಕಬ್ಬಿನ ಚೂರು, ಸೆಂಟ್ ನಾಣ್ಯ ಸೇರಿಸಿ ಮಕ್ಕಳ ತಲೆ ಮೇಲೆ ಎರೆದೆವು. ಬ್ಲೂಬೆರಿಯ ಕಲೆ ಹೋಗಲ್ಲ, ಹೇಳಿರುತ್ತೇನೆ.

ಚೆನ್ನಾಗಿತ್ತು, ನಿಜವಾಗಿಯೂ. ಆದರೆ ಮೆಟ್ರೋದಲ್ಲಿ ವಾಪಸ್ ಬರುವಾಗ ಒಂದು ವಿಷಯ ತಲೆಗೆ ಬಂತು. ಇಲ್ಲಿ ನಾನು ವರ್ಷವಿಡೀ ಒಳ್ಳೆ ಮಾತೇ ಆಡುತ್ತೇನೆ. ಆಫೀಸಿನಲ್ಲಿ, ಲಿಫ್ಟಿನಲ್ಲಿ, ಎಸ್ಪೋದ ಮನೆಗಳಲ್ಲಿ, ಎಲ್ಲ ಕಡೆ. ಯಾರಿಗೂ ಬೇಜಾರಾಗಬಾರದು, ಇರುವವರೇ ಇಷ್ಟು ಜನ. ಆ ಶನಿವಾರ ಯಾರೋ ನನ್ನ ಹುಗ್ಗಿಗೆ ಉಪ್ಪು ಜಾಸ್ತಿ ಅಂತ ಮುಖದ ಮೇಲೆ ಅಂದಿದ್ದರೆ ಖುಷಿಯಾಗುತ್ತಿತ್ತು. ಜಾಸ್ತಿ ಆಗಿತ್ತು. ಎಲ್ಲರೂ ಸೂಪರ್ ಅಂದರು.

ಮುಂದಿನ ವಾರ ಅವಳೇ ಫೋನ್ ಮಾಡಿದಳು. ಅಮ್ಮ ವಾಕರ್ ಬಿಟ್ಟು ಕೋಲು ಹಿಡಿದಿದ್ದಾರಂತೆ. ಫೋನ್ ಅವರ ಕೈಗೇ ಕೊಟ್ಟಳು. ನಾನು ವಿಚಾರಿಸುವ ಮೊದಲೇ "ಫೋನ್ ಇಟ್ಟಿದ್ದು ಯಾರು ಮೊದಲು, ನೀನಾ ಇವಳಾ?" ಅಂತ ಕೇಳಿದರು. ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿದೆವು. ಆಮೇಲೆ ಅವಳು "ನಿನ್ನ ಪಾಲಿನ ಸಕ್ಕರೆ ಅಚ್ಚು ಎತ್ತಿಟ್ಟಿದ್ದೇನೆ" ಅಂದಳು. ಹೈಸ್ಕೂಲಿನಿಂದ ನೋಡಿದ್ದೇನೆ, ಅವಳು ಎತ್ತಿಟ್ಟ ಸಿಹಿ ಯಾವತ್ತೂ ಉಳಿದದ್ದಿಲ್ಲ. ಹಾಗಂತಲೇ ಹೇಳಿದೆ. ಮತ್ತೆ ಜಗಳ ಶುರುವಾಯಿತು.